ಸತ್ತ ಯಂತ್ರದ ಕಂತು

ಬಟ್ಟೆ ಒಗೆಯುವ ಯಂತ್ರ ಸತ್ತದ್ದು ಹದಿಮೂರನೆಯ ತಿಂಗಳು.
ವಾರಂಟಿ ಸತ್ತದ್ದು ಹನ್ನೆರಡರಲ್ಲಿ.
ಕಂತು ಮಾತ್ರ ಗಟ್ಟಿಮುಟ್ಟು,
ಇಪ್ಪತ್ನಾಲ್ಕರ ಆಯುಸ್ಸು ಬರೆಸಿಕೊಂಡೇ ಬಂದದ್ದು.

ತಾಲ್ಕಾವಾನೊ ಊರಿನ ಈ ಗುಡ್ಡದ ಮೇಲೆ
ಕೊಲ್ಲಿಯ ಗಾಳಿ ಬಟ್ಟೆ ಒಣಗಿಸಿಕೊಡುತ್ತದೆ, ಪುಕ್ಕಟೆ.
ಮೀನುಪುಡಿ ಕಾರ್ಖಾನೆಯ ವಾಸನೆಯನ್ನೂ ಅದಕ್ಕೆ ಮೆತ್ತಿ ಕೊಡುತ್ತದೆ, ಅದೂ ಪುಕ್ಕಟೆ.
ಉಳಿದದ್ದಕ್ಕೆಲ್ಲ ಒಂದೊಂದು ಲಕೋಟೆ.

ಹಳೇ ಬಿಲ್ಲು ಬಂದ ಲಕೋಟೆಗಳೇ, ಮಗುಚಿ ಅಂಟಿಸಿದವು:
ಬ್ರೆಡ್ಡು. ಗ್ಯಾಸು. ಬಸ್ಸು. ಯಾಸ್ನಾಳ ಶಾಲೆ.
ಎಲಿಸೆಯೊನ ಹಲ್ಲು. ಇದು ಎರಡು ವರ್ಷದಿಂದ ಖಾಲಿ,
ಅವನು ಎಡಗಡೆಯೇ ಅಗಿಯುವುದನ್ನು ಕಲಿತುಬಿಟ್ಟಿದ್ದಾನೆ.
ಕೊನೆಯದರ ಮೇಲೆ 'ಯಂತ್ರ'.
ಸಂಬಳದ ದಿನ ಮೊದಲು ಹೊಟ್ಟೆ ತುಂಬುವುದು ಅದಕ್ಕೇ.

ಗ್ಯಾಸಿನ ಲಾರಿ ಸಿಲಿಂಡರು ಬಡಿಯುತ್ತ ಗುಡ್ಡ ಹತ್ತುತ್ತದೆ.
ಹದಿನೈದು ಕಿಲೋದ್ದು ಕೊಂಡರೆ ಅಗ್ಗ, ನನಗೂ ಗೊತ್ತು,
ಲೆಕ್ಕದಲ್ಲಿ ನಾನು ದಡ್ಡಿಯಲ್ಲ.
ಆದರೆ ಲಕೋಟೆಯಲ್ಲಿರುವುದು ಐದು ಕಿಲೋದಷ್ಟು ಬೆಂಕಿ.
ಇಲ್ಲದವರು ಎಲ್ಲವನ್ನೂ ಚಿಲ್ಲರೆಯಲ್ಲಿ ಕೊಳ್ಳುತ್ತೇವೆ,
ಚಿಲ್ಲರೆಗೆ ಯಾವತ್ತೂ ಬೆಲೆ ಜಾಸ್ತಿ.

ಅಂಗಡಿಗೇ ಹೋಗಿ ಕೇಳಿದೆ. ಕೌಂಟರಿನ ಹುಡುಗಿ,
ಉಗುರಿನ ಮೇಲೆ ಪುಟ್ಟ ಪುಟ್ಟ ಚೆರಿ ಹಣ್ಣು ಬರೆಸಿಕೊಂಡವಳು,
ಪರದೆ ನೋಡಿ ಮೆತ್ತಗೆ ಹೇಳಿದಳು:
"ಸೆನ್ಯೋರಾ, ಯಂತ್ರ ಬೇರೆ, ಸಾಲ ಬೇರೆ."
ದೇಹ ಯಾವುದು ಆತ್ಮ ಯಾವುದು ಅಂತ
ಯಾವ ಪಾದ್ರಿಯೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

"ಹೊಸದು ಒಯ್ಯಿರಿ, ಹಳೇ ಬಾಕಿ ಅದರೊಳಗೇ ಸೇರಿಸೋಣ,
ಮೂವತ್ತಾರು ಕಂತು, ಮೇಲೊಂದು ಕಂಬಳಿ ಉಚಿತ."
ಕಂಬಳಿ ಮುಟ್ಟಿ ನೋಡಿದೆ.
ಸುಳ್ಳು ಯಾಕೆ, ಎರಡು ಸಲ ಮುಟ್ಟಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಮ್ಮ ಹಾಸಿಗೆಯೂ ಕಂತಿನದೇ.
ಅದರ ಸಾಲ ತೀರುವ ಹೊತ್ತಿಗೆ ನಡುವೆ ಹೊಂಡ ಬಿದ್ದು
ಚಾಚಿದ ಕಾಲುಗಳೆಲ್ಲ ರಾತ್ರಿ ಉರುಳಿ ಒಂದೇ ಕಡೆ ಸೇರುತ್ತಿದ್ದವು.

ಹನ್ನೊಂದು ಬಾಕಿ.
ಹಗಲಿಡೀ ಡಬ್ಬಿ ಕಾರ್ಖಾನೆಯಲ್ಲಿ ಮೀನಿನ ತಲೆ ತೆಗೆದ ಕೈ
ರಾತ್ರಿ ತೊಟ್ಟಿಯಲ್ಲಿ ಎಲಿಸೆಯೊನ ಡಾಂಗರಿ ಹಿಂಡುತ್ತಿತ್ತು.
ಹಿಂಡಿದ್ದಕ್ಕೊಂದು ಸಲ ಹೇಳಿಕೊಳ್ಳುತ್ತಿದ್ದೆ:
ಹದಿನೆಂಟು ಸಾವಿರದ ಒಂಬೈನೂರ ತೊಂಬತ್ತು.
ಹತ್ತು ಪೆಸೊ ಕಮ್ಮಿ ಮಾಡಿ ಅವರು ತೋರಿಸಿದ ಕರುಣೆ
ಆ ನೀರಿಗಿಂತ ತಣ್ಣಗಿತ್ತು.

ಜೂನಿನ ಚಳಿಗೆ ಎಲಿಸೆಯೊ
ಯಂತ್ರದ ಡ್ರಮ್ಮು ಬಿಚ್ಚಿ ಅಂಗಳದಲ್ಲಿ ಅಗ್ಗಿಷ್ಟಿಕೆ ಮಾಡಿದ.
ಒಂದೊಂದು ತೂತಿನಿಂದಲೂ ಬೆಂಕಿ ಇಣುಕಿತು.
"ನೋಡು, ಇನ್ನೂ ಕೆಲಸ ಮಾಡ್ತಿದೆ," ಅಂದ.
ನಾನು ನಗಲಿಲ್ಲ. ಕೈ ಮಾತ್ರ ಕಾಸಿಕೊಂಡೆ.

ಅದಕ್ಕೂ ಮೊದಲು, ಮಾರ್ಚಿನಲ್ಲಿ,
ಶಾಲೆ ಶುರುವಾಗಿತ್ತು. ಬೂಟು, ಸ್ಕರ್ಟು. 'ಯಂತ್ರ'ದಿಂದಲೇ ತೆಗೆದೆ.
ಮಾರನೆಯ ವಾರದಿಂದ ಫೋನು.
ಯಾಸ್ನಾ ಎತ್ತುತ್ತಿದ್ದಳು: "ಒತಿಲಿಯಾ ಮನೆಯಲ್ಲಿಲ್ಲ."
ಎಂಟು ವರ್ಷದ ಬಾಯಲ್ಲಿ ಎಷ್ಟು ಚೆಂದ ಕೂತಿತ್ತು ಆ ಸುಳ್ಳು!
ಬಾಗಿಲ ಹಿಂದೆ ನಾನು, ಉಸಿರು ಬಿಗಿಹಿಡಿದು,
ನನ್ನ ಮನೆಯಲ್ಲೇ ಇಲ್ಲದವಳಾಗಿ.

ಸೆಪ್ಟೆಂಬರು. ಗುಡ್ಡದ ತುಂಬ ಗಾಳಿಪಟ.
ತಪ್ಪಿದ ಕಂತು, ತಪ್ಪಿದ್ದಕ್ಕೆ ದಂಡ, ದಂಡದ ಮೇಲೊಂದು ಬಡ್ಡಿ,
ಎಲ್ಲ ಎಣಿಸಿ ಇಟ್ಟೆ. ಚೆರಿ ಉಗುರಿನ ಹುಡುಗಿ ಇರಲಿಲ್ಲ,
ಬೇರೆ ಯಾರೋ ರಸೀದಿ ಕೊಟ್ಟರು,
ಬಸ್ಸಿನ ಟಿಕೆಟ್ಟಿಗಿಂತ ತೆಳ್ಳಗಿನದು.

ಸಂಜೆ ಬಟ್ಟೆ ಹರವುತ್ತಿದ್ದೆ. ಫೋನು.
"ಅಭಿನಂದನೆಗಳು! ನಿಮ್ಮ ಸಾಲದ ಮಿತಿ ದುಪ್ಪಟ್ಟಾಗಿದೆ.
ಮಾತಾಡ್ತಿರೋದು ಒತಿಲಿಯಾ ಅವರೇನಾ?"
ಹಲ್ಲಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು ಹೇಳಿದೆ:
"ಅವಳು ಮನೆಯಲ್ಲಿಲ್ಲ."

ಅಂಗಳದಲ್ಲಿದ್ದೆ. ಸುಳ್ಳೇನಲ್ಲ.